ಬೊರಮ್‌ಳ ಹಿಮ್ಮಡಿ

ನೀಲಿ ಬೇಸಿನ್ನಿಗೆ ನೀರು ಸುರಿದು ಮೊಣಕೈ ಅದ್ದಿ ನೋಡಿದೆ. ಸ್ವಲ್ಪ ಬಿಸಿ ಅನ್ನಿಸಿತು. ಒಂದು ಚೊಂಬು ತಣ್ಣೀರು ಬೆರೆಸಿ ಮತ್ತೆ ಅದ್ದಿದೆ. ಬೊರಮ್ ಕುರ್ಚಿಯ ಮೇಲೆ ಕೂತು ಪ್ಯಾಂಟಿನ ತುದಿಯನ್ನು ತಾನೇ ಮೊಣಕಾಲಿನವರೆಗೆ ಮಡಚಿಕೊಂಡಳು. ಎರಡೂ ಪಾದಗಳನ್ನು ನೀರಿಗಿಳಿಸಿ, ಗಡಿಯಾರ ನೋಡಿ, ಐದು ನಿಮಿಷಕ್ಕೆ ಎತ್ತಿ ನನ್ನ ಮಡಿಲಿನ ಟವೆಲ್ಲಿನ ಮೇಲಿಟ್ಟುಕೊಂಡೆ. ಉಜ್ಜಬಾರದು, ಒತ್ತಿ ಒತ್ತಿ ಒರೆಸಬೇಕು. ಬೆರಳಿನ ಸಂದಿಗಳನ್ನು ತೆಳು ಬಟ್ಟೆಯಿಂದ ಒಂದೊಂದಾಗಿ ಒಣಗಿಸಿದೆ. ಟಾರ್ಚು ಹಿಡಿದು ಅಂಗಾಲು, ಹಿಮ್ಮಡಿ, ಉಗುರಿನ ಮೂಲೆಗಳನ್ನು ನೋಡಿದೆ. ಕ್ರೀಮು ಹಚ್ಚಿದೆ, ಸಂದಿ ಬಿಟ್ಟು. ಹೊಲಿಗೆ ಚರ್ಮಕ್ಕೆ ತಾಗದಂತೆ ಸಾಕ್ಸನ್ನು ಒಳಮೈ ಹೊರಗೆ ಮಾಡಿ ಹಾಕಿದೆ. ಅಜ್ಜಿ ಬಾಗಿಲಿಗೆ ಒರಗಿ ನೋಡುತ್ತಿದ್ದರು.

“ಮದುವೆ ಹೆಣ್ಣಿನ ಕಾಲಿಗೂ ಯಾರೂ ಇಷ್ಟು ಉಪಚಾರ ಮಾಡಿರಲ್ಲ,” ಅಂದರು ಕೊನೆಗೆ.

“ನಂಗೆ ಮದುವೆ ಬೇಡ ಅಜ್ಜಿ, ಶಾಲೆ ಸಾಕು,” ಅಂದಳು ಬೊರಮ್.

“ಶಾಲೆಗೆ ಹೋಗೋಳಿಗೆ ಕಾಲು ಬೆಚ್ಚಗಿರ್ಬೇಕು. ಬಾ ನನ್ನ ಕೋಣೆಗೆ. ಈಗಷ್ಟೇ ಒಲೆಗೆ ಸೌದೆ ಹಾಕಿದೀನಿ.”

“ಮೊದಲು ಬೂಟು ಹಾಕ್ಬೇಕು ಅಜ್ಜಿ,” ಅಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

“ಹಾಕು, ಹಾಕು. ಮನೆಯೊಳಗೆ ಬೂಟು! ನಾಯಿಗೂ ಗೊತ್ತು ಹೊಸ್ತಿಲಾಚೆ ನಿಲ್ಲಬೇಕು ಅಂತ.”

ಬೊರಮ್ ನನ್ನ ತಂಗಿ. ಏಳು ವರ್ಷ. ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಒಂದೂವರೆ ವರ್ಷವಾಗಿತ್ತು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಅಮ್ಮ ಅವಳ ಜೊತೆ ಆಸ್ಪತ್ರೆಯಲ್ಲಿ, ಅಪ್ಪ ತಾವು ಓಡಿಸುವ ಬಸ್ಸಿನಲ್ಲಿ. ಮನೆಗೆ ಒಬ್ಬರು ಬೇಕಿತ್ತು, ಶಾಲೆ ಬಿಟ್ಟೆ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವುದೆಂದರೆ ನನಗೆ ದಿಗಿಲಾಗುತ್ತಿತ್ತು. ಹಾಗಾಗಿ ಬಿಡುವುದು ಅಷ್ಟೇನೂ ಕಷ್ಟವಾಗಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ.

ಚಿಕಿತ್ಸೆಯ ಕಷ್ಟದ ಭಾಗ ಮುಗಿದು ಬೊರಮ್‌ಳ ಕೂದಲು ಮತ್ತೆ ಬಂದಿತ್ತು. ತಿಂಗಳಿಗೊಮ್ಮೆ ವೊಂಜು ನಗರದ ಆಸ್ಪತ್ರೆಗೆ ಹೋಗಿ ಒಂದು ಔಷಧಿ ಏರಿಸಿಕೊಂಡು ಬರಬೇಕಿತ್ತು. ಆ ಔಷಧಿ ರೋಗಕ್ಕೆ ಹೊಡೆಯುವಾಗ ಪಾದದ ನರಗಳಿಗೂ ಹೊಡೆಯುತ್ತದೆ. ಅವಳಿಗೆ ಪಾದದ ಮುಂಭಾಗ ಎತ್ತಲು ಬರುತ್ತಿರಲಿಲ್ಲ, ನಡೆದರೆ ನೆಲಕ್ಕೆ ಚಪ್ ಚಪ್ ಬಡಿಯುತ್ತಿತ್ತು. ಅಂಗಾಲಿಗೆ ಸ್ಪರ್ಶವೂ ಕಮ್ಮಿ. ಹೋದ ಬೇಸಿಗೆಯಲ್ಲಿ ಆಟಿಕೆಯ ಚೂರು ಚುಚ್ಚಿಕೊಂಡಿದ್ದು ಸಾಕ್ಸಿನ ರಕ್ತ ನೋಡಿದ ಮೇಲೆಯೇ ನಮಗೆ ಗೊತ್ತಾಗಿದ್ದು. ಕಣಕಾಲು ಹಿಡಿದಿಡುವ ಪ್ಲಾಸ್ಟಿಕ್ ಬ್ರೇಸು ಕೊಟ್ಟಿದ್ದರು, ಅದರ ಮೇಲೆ ಬೂಟು. ಮನೆಯೊಳಗೂ ಹಾಕಿರಬೇಕು, ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು. ಆಸ್ಪತ್ರೆಯ ವ್ಯಾಯಾಮದ ಟೀಚರ್ ಬರೆದುಕೊಟ್ಟ ಹಾಳೆಯನ್ನು ಅಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು.

ಮಾರ್ಚ್ ಎರಡಕ್ಕೆ ಶಾಲೆ ಶುರು. ನಮ್ಮ ಹಳ್ಳಿಯ ಶಾಲೆಗೆ ಆ ವರ್ಷ ಒಂದನೇ ತರಗತಿಗೆ ಸೇರುವವರು ಮೂರೇ ಮಕ್ಕಳು, ಬೊರಮ್ ಸೇರಿ. ಹೊಸವರ್ಷದ ಹಬ್ಬ ಕಳೆದ ಮೇಲಿನ ತಪಾಸಣೆಯಲ್ಲಿ ರಕ್ತವೂ ಪಾದವೂ ಸರಿಯಿದ್ದರೆ ಕಳಿಸಬಹುದು ಎಂದಿದ್ದರು ಡಾಕ್ಟರು. ಬೊರಮ್ ದಿನಾ ಮನೆಯೊಳಗೆ ಬ್ಯಾಗು ಹಾಕಿಕೊಂಡು ಅಡುಗೆಮನೆಯಿಂದ ಅಂಗಳದ ಬಾಗಿಲವರೆಗೆ ಇಪ್ಪತ್ತು ಸಲ ನಡೆಯುತ್ತಿದ್ದಳು. ಲೆಕ್ಕ ತಪ್ಪಿದರೆ ಮೊದಲಿನಿಂದ.

ಅಜ್ಜಿಯ ಕೋಣೆ ಮಾತ್ರ ಹಳೆಯ ರೀತಿಯದು. ಉಳಿದ ಕೋಣೆಗಳ ನೆಲದಡಿ ಬಾಯ್ಲರಿನ ಕೊಳವೆಗಳಿದ್ದವು. ಅಜ್ಜಿಯದಕ್ಕೆ ಹೊರಗಿನ ಒಲೆಯಿಂದ ನೆಲದಡಿ ಬಿಸಿ ಹೊಗೆ ಹಾಯುತ್ತಿತ್ತು. ಒಲೆಯ ಕಡೆಯ ಮೂಲೆಯಲ್ಲಿ ಎಣ್ಣೆಕಾಗದದ ನೆಲ ಕಂದುಬಣ್ಣಕ್ಕೆ ತಿರುಗಿತ್ತು. ಅದು ಮನೆಯ ಅತಿ ಬೆಚ್ಚಗಿನ ಜಾಗ. ತಾತ ಬದುಕಿರುವವರೆಗೆ ಅವರದು, ಆಮೇಲೆ ಅಜ್ಜಿಯದು. ಹೆರಿಗೆಯಾದವರಿಗೆ, ಕಾಯಿಲೆಯವರಿಗೆ, ದೂರದಿಂದ ಬಂದವರಿಗೆ ಮಾತ್ರ ಬಿಟ್ಟುಕೊಡುವ ಜಾಗ. ನಮ್ಮಮ್ಮ ನನ್ನ ಹೆತ್ತು ಇಪ್ಪತ್ತೊಂದು ದಿನ ಅಲ್ಲೇ ಮಲಗಿದ್ದಳಂತೆ. ಅಜ್ಜಿ ಬೊರಮ್‌ಗಾಗಿ ದಿನವೂ ಆ ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದರು. ಅಮ್ಮ ದಿನವೂ ಬೇಡ ಅನ್ನುತ್ತಿದ್ದಳು.

ಶಾಲೆಯ ಅಡುಗೆಮನೆ ಅಮ್ಮನ ಕೆಲಸ. ಶಾಲೆಗೆ ರಜೆ ಇರುವ ಚಳಿಗಾಲದಲ್ಲಿ ಬೆಟ್ಟದ ಮೇಲಿನ ಹಿಮಜಾರಾಟದ ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಬದಲಿಸಲು ಹೋಗುತ್ತಿದ್ದಳು. ಸಂಜೆ ಬಂದವಳು ಕೋಟೂ ತೆಗೆಯದೆ ಮೊದಲು ಬೊರಮ್‌ಳ ಪಾದ ಹಿಡಿಯುತ್ತಿದ್ದಳು.

“ಇಷ್ಟು ಬಿಸಿ ಯಾಕಿದೆ ಕಾಲು? ಅಜ್ಜಿ ಕೋಣೆಗೆ ಹೋಗಿದ್ಯಾ?”

“ಸ್ವಲ್ಪ ಹೊತ್ತು,” ಅಂದಳು ಬೊರಮ್. “ಬೂಟು ಹಾಕ್ಕೊಂಡೇ ಹೋಗಿದ್ದೆ.”

ತಟ್ಟೆಗಳ ಮಧ್ಯೆ ಒಣಸೊಪ್ಪಿನ ಅನ್ನದ ಪಾತ್ರೆ ಇಡುತ್ತಿದ್ದ ಅಜ್ಜಿ ಅಲ್ಲೇ ನಿಂತರು. “ನನ್ನ ಕೇಳು. ಮಗುನ ಯಾಕೆ ವಿಚಾರಣೆ ಮಾಡ್ತೀಯ?”

“ಅತ್ತೆ, ಬಿಸಿ ನೆಲ ಬೇಡ ಅಂತ ಎಷ್ಟು ಸಲ ಹೇಳ್ಲಿ? ಅವಳಿಗೆ ಸುಟ್ಟರೂ ಗೊತ್ತಾಗಲ್ಲ.”

“ಮೂರು ಮಕ್ಕಳನ್ನ ಆ ನೆಲದ ಮೇಲೇ ಬೆಳೆಸಿದೀನಿ. ಒಬ್ಬನೂ ಸುಟ್ಟುಕೊಂಡಿಲ್ಲ. ನಿನ್ನ ಗಂಡನ್ನೇ ಕೇಳು.”

ಅಪ್ಪ ಕಿಮ್ಚಿಯ ಕಡೆ ಕೈಚಾಚಿ, “ಇವತ್ತು ಕಣಿವೆ ರಸ್ತೆ ಪೂರ್ತಿ ಮಂಜುಗಡ್ಡೆ. ಬಸ್ಸಿನ ಚಕ್ರಕ್ಕೆ ಸರಪಳಿ ಕಟ್ಟೋಕೇ ಅರ್ಧ ಗಂಟೆ ಹೋಯ್ತು,” ಅಂದರು.

“ನಾನು ರಸ್ತೆ ವಿಷಯ ಕೇಳಿದ್ನಾ?” ಅಂದಳು ಅಮ್ಮ.

“ಊಟ ಮಾಡೋಣ ಮೊದ್ಲು.”

“ಆಸ್ಪತ್ರೆ ವಾರ್ಡಿನಲ್ಲಿ ಪಕ್ಕದ ಮಂಚದ ಹುಡುಗಿ ಇದ್ಳಲ್ಲ,” ಅಂದಳು ಅಮ್ಮ ಅಜ್ಜಿಗೆ. “ಕಾಲುಗುರು ಒಳಗೆ ಬೆಳೆದಿತ್ತು, ಅಷ್ಟೇ. ಅಷ್ಟಕ್ಕೇ ಐಸಿಯುಗೆ ಹೋದ್ಳು. ಇವಳ ಮೈಯಲ್ಲಿ ಈಗ ಕಾಯೋಕೆ ಬಿಳಿ ರಕ್ತಕಣ ಇಲ್ಲ. ಒಂದು ಗುಳ್ಳೆ ಎದ್ರೂ ಸಾಕು. ನಾನು ಹಟಕ್ಕೆ ಹೇಳ್ತಿಲ್ಲ, ಅತ್ತೆ.”

“ನಾನೂ ಹಟಕ್ಕೆ ಮಾಡ್ತಿಲ್ಲ,” ಅಂದರು ಅಜ್ಜಿ. “ಮಗುವಿನ ಪಾದ ಮಂಜುಗಡ್ಡೆ ಥರ ತಣ್ಣಗಿರತ್ತೆ. ಮುಟ್ಟಿದ್ರೆ ನನ್ನ ಎದೆ ಝಲ್ ಅನ್ನತ್ತೆ. ಸುಮ್ನೆ ನೋಡ್ತಾ ಕೂತಿರ್ಲಾ?”

ಬೊರಮ್ ಚಮಚ ಬಾಯಲ್ಲಿಟ್ಟುಕೊಂಡು ಇಬ್ಬರನ್ನೂ ನೋಡಿದಳು. “ನನ್ನ ಕಾಲು ನನ್ನ ಹತ್ರನೇ ಇದೆ,” ಅಂದಳು. “ಜಗಳ ಆಡ್ತಿರೋರ ಹತ್ರ ಇಲ್ಲ.”

ಅಪ್ಪ ನಕ್ಕರು. ಬೇರೆ ಯಾರೂ ನಗಲಿಲ್ಲ.

ಫೆಬ್ರವರಿ ಮೊದಲ ವಾರ ಚಾಂದ್ರಮಾನದ ಹೊಸವರ್ಷದ ಹಬ್ಬ ಬಂತು. ದೂರದ ಉಲ್ಸಾನ್ ನಗರದಿಂದ ಚಿಕ್ಕಪ್ಪ, ಚಿಕ್ಕಮ್ಮ ಹಿಂದಿನ ಸಂಜೆಯೇ ಬಂದರು. ಬೆಳಿಗ್ಗೆ ಅಜ್ಜಿಯ ಕೋಣೆಯಲ್ಲಿ ಹಿರಿಯರಿಗೆ ಎಡೆ ಇಡುವುದು. ಅಲ್ಲಿ ತಾತನ ಫೋಟೋ ಇದೆ. ಮೀನು, ಹಣ್ಣು, ಆಲೂಗಡ್ಡೆ ದೋಸೆ, ಅಕ್ಕಿ ಬಿಲ್ಲೆಗಳ ಸಾರು ಎಲ್ಲ ಸಾಲಾಗಿ ಇಟ್ಟಾಯಿತು. ಬೊರಮ್ ಹಬ್ಬದ ಬಣ್ಣದ ಲಂಗ ತೊಟ್ಟು, ಕೆಳಗೆ ಬ್ರೇಸು, ಬೂಟು ಹಾಕಿಕೊಂಡು ಹೊಸ್ತಿಲಲ್ಲಿ ನಿಂತಳು.

“ಅದನ್ನ ತೆಗಿ,” ಅಂದರು ಅಜ್ಜಿ. “ತಾತನ ಎದುರು ಬೂಟು ಹಾಕ್ಕೊಂಡು ನಮಸ್ಕಾರ ಮಾಡ್ತಾರಾ?”

ಅಮ್ಮ ತಟ್ಟೆ ಹಿಡಿದುಕೊಂಡೇ ತಿರುಗಿದಳು. “ಇದು ಹೊರಗೆ ಹಾಕಿದ ಬೂಟಲ್ಲ ಅತ್ತೆ. ಅಂಗಳದ ಮಣ್ಣೂ ಮುಟ್ಟಿಲ್ಲ.”

“ಬೂಟು ಬೂಟೇ. ಬದುಕಿದ್ದಾಗ ಅವರ ಎದುರು ನೀನು ಹೀಗೆ ನಿಂತಿದ್ಯಾ?”

“ಹತ್ತು ನಿಮಿಷದ ಮಾತು ಅಲ್ವಾ,” ಅಂದರು ಅಪ್ಪ. “ತೆಗೀಲಿ. ಆಮೇಲೆ ಹಾಕಿದ್ರಾಯ್ತು.”

ಚಿಕ್ಕಪ್ಪ ಕೋಟಿನ ಗುಂಡಿ ನೋಡಿಕೊಂಡರು. ಅಮ್ಮ ಒಂದು ಕ್ಷಣ ಅಪ್ಪನ ಮುಖ ನೋಡಿ, ಬಗ್ಗಿ ತಾನೇ ಬೂಟು, ಬ್ರೇಸು ಬಿಚ್ಚಿದಳು. ನಮಸ್ಕಾರ ಮುಗಿಯುತ್ತಿದ್ದಂತೆ ಅವಳ ಹೋಟೆಲಿನ ವ್ಯಾನು ಬಂತು. ಹಬ್ಬದ ರಜೆಗೆ ಅಲ್ಲಿ ಕೋಣೆಗಳೆಲ್ಲ ತುಂಬಿದ್ದವು. ಹೊಸ್ತಿಲಲ್ಲಿ ಮಫ್ಲರು ಸುತ್ತಿಕೊಳ್ಳುತ್ತ ನನ್ನ ತೋಳು ಹಿಡಿದಳು.

“ಈಗ್ಲೇ ಹಾಕು, ಇಸುಲ್. ಮರೀಬೇಡ.”

“ಹೂಂ,” ಅಂದೆ.

ಅಡುಗೆಮನೆಗೆ ಬಂದೆ. ಇಪ್ಪತ್ತಕ್ಕೂ ಹೆಚ್ಚು ಪಾತ್ರೆಗಳಿದ್ದವು, ತೊಳೆಯತೊಡಗಿದೆ. ಅಜ್ಜಿಯ ಕೋಣೆಯಿಂದ ಚಿಕ್ಕಮ್ಮನ ಮಾತು ಕೇಳುತ್ತಿತ್ತು.

“ನಮ್ಮ ಇಸುಲ್ ಎಲ್ಲಿ? ಬಂದಾಗಿಂದ ಮುಖಾನೇ ತೋರಿಸಿಲ್ಲ. ಹೈಸ್ಕೂಲ್ ಪರೀಕ್ಷೆಗಾದ್ರೂ ಕಟ್ತಾಳಂತಾ? ಹತ್ತೊಂಬತ್ತು ವರ್ಷ ಆಯ್ತು, ಮುಂದೇನು ಮಾಡ್ತಾಳೆ?”

“ಅವಳಿರೋದ್ರಿಂದ್ಲೇ ನಮ್ಮನೆ ನಡೀತಿದೆ,” ಅಂದರು ಅಪ್ಪ.

“ಅದು ಸರಿ ಭಾವ, ಆದ್ರೂ...”

ನಾನು ನಲ್ಲಿ ಜೋರಾಗಿ ತಿರುಗಿಸಿದೆ. ಬೂಟು, ಬ್ರೇಸು ಹೊಸ್ತಿಲ ಪಕ್ಕದಲ್ಲೇ ಇದ್ದವು. ಕೈ ಒರೆಸಿಕೊಂಡು ಒಂದು ಸಲ ಅಲ್ಲಿವರೆಗೆ ಹೋದೆ. ಒಳಗೆ ಬೊರಮ್ ಕಂದುಮೂಲೆಯಲ್ಲಿ ಕೂತಿದ್ದಳು, ಕಾಲು ನೀಡಿ, ಸೊಂಟದವರೆಗೆ ದಪ್ಪ ರಜಾಯಿ ಹೊದ್ದು. ಅಜ್ಜಿ ಅವಳ ಪಕ್ಕ ಪೇರುಹಣ್ಣು ಸುಲಿಯುತ್ತಿದ್ದರು. ಚಿಕ್ಕಮ್ಮ ಬಾಗಿಲಿಗೆ ಮುಖ ಮಾಡಿಯೇ ಕೂತಿದ್ದರು. ನಾನು ಹಾಗೇ ತಿರುಗಿ ಬಂದೆ. ಅವರು ಹೊರಟ ಮೇಲೆ ಹಾಕಿದರಾಯಿತು ಅಂದುಕೊಂಡೆ.

ಅವರು ಹೊರಟಾಗ ಮಧ್ಯಾಹ್ನ ಮೂರಾಗಿತ್ತು. ಅಪ್ಪ ತಮ್ಮನ ಜೊತೆ ನಾಲ್ಕೈದು ಬಟ್ಟಲು ಅಕ್ಕಿಸಾರಾಯಿ ಕುಡಿದು ಮಲಗಿದ್ದರು. ನಾನು ಬೂಟು ತೆಗೆದುಕೊಂಡು ಹೋದರೆ ಬೊರಮ್‌ಗೆ ಆಗಲೇ ಅಜ್ಜಿ ದಪ್ಪ ಉಣ್ಣೆಯ ಸಾಕ್ಸು ಹಾಕಿದ್ದರು.

“ನಿದ್ದೆಗಣ್ಣಲ್ಲಿದಾಳೆ. ಸಂಜೆ ಹಾಕು,” ಅಂದರು ಅಜ್ಜಿ. ನನ್ನ ಕಡೆ ನೋಡಲಿಲ್ಲ.

ಸಂಜೆ ಆರಕ್ಕೆ ಬೇಸಿನ್ನು ತಂದೆ. ಬಲಗಾಲಿನ ಸಾಕ್ಸು ಎಳೆದಾಗ ದೆಂಜಾಂಗ್ ವಾಸನೆ ಬಂತು. ಹಿತ್ತಲ ಜಾಡಿಯಲ್ಲಿ ವರ್ಷಗಟ್ಟಲೆ ಹುದುಗುವ ಸೋಯಾ ಹಿಟ್ಟಿನ ವಾಸನೆ ಅದು, ಮನೆಯಲ್ಲಿ ಯಾವಾಗಲೂ ಇರುವಂಥದೇ. ಆದರೆ ಸಾಕ್ಸಿನಿಂದ ಬರುತ್ತಿತ್ತು. ಹಿಮ್ಮಡಿಗೆ ಹಳೆಯ ಬಟ್ಟೆ ಸುತ್ತಿತ್ತು. ಬಿಚ್ಚಿದೆ. ದೆಂಜಾಂಗ್ ದಪ್ಪಗೆ ಮೆತ್ತಿತ್ತು. ಒದ್ದೆ ಬಟ್ಟೆಯಿಂದ ತೆಗೆದಂತೆ ಅದರಡಿಯ ಗುಳ್ಳೆ ಕಂಡಿತು. ಒಡೆದಿತ್ತು. ನಡುವೆ ಚರ್ಮ ಬೆಳ್ಳಗಿತ್ತು.

“ಬೊರಮ್, ಇದು ಯಾವಾಗ ಆಯ್ತು?”

“ಅಜ್ಜಿ ಯಾರಿಗೂ ಹೇಳ್ಬೇಡ ಅಂದ್ರು.” ಅವಳು ನನ್ನ ಮುಖ ನೋಡಿ ಹೆದರಿದಳು. “ನೋವಿಲ್ಲ ಅಕ್ಕ. ನಿಜವಾಗ್ಲೂ ಸ್ವಲ್ಪಾನೂ ನೋವಿಲ್ಲ.”

ಅಜ್ಜಿ ಬಾಗಿಲಲ್ಲಿ ಬಂದು ನಿಂತಿದ್ದರು. “ಸುಟ್ಟ ಗಾಯಕ್ಕೆ ದೆಂಜಾಂಗೇ ಮದ್ದು. ಉರಿ ಎಳ್ಕೊಳ್ಳತ್ತೆ. ನಿಮ್ಮಪ್ಪನ ಕೈಗೆ ಕುದಿಯೋ ನೀರು ಬಿದ್ದಾಗಲೂ ಅದನ್ನೇ ಹಚ್ಚಿದ್ದೆ. ಬೆಳಿಗ್ಗೆ ಹೊತ್ತಿಗೆ ಒಣಗತ್ತೆ.”

ನಾನು ಥರ್ಮಾಮೀಟರ್ ಇಟ್ಟೆ. ಮೂವತ್ತೇಳು ಪಾಯಿಂಟ್ ಎಂಟು. ಮೂವತ್ತೆಂಟಾದರೆ ಎಲ್ಲಿದ್ದರೂ ಹೊರಟು ಬನ್ನಿ ಎಂದಿತ್ತು ಆಸ್ಪತ್ರೆ. ಅಪ್ಪನನ್ನು ಅಲುಗಿಸಿ ಎಬ್ಬಿಸಿದೆ. ಅವರು ಬಂದು ನೋಡಿದರು, ಮುಖ ಉಜ್ಜಿಕೊಂಡರು.

“ಮೂವತ್ತೆಂಟಾಗಿಲ್ವಲ್ಲ. ಬೆಳಿಗ್ಗೆ ನೋಡೋಣ. ಹೊರಗೆ ಹಿಮ ಬೀಳ್ತಿದೆ.”

“ಈಗ್ಲೇ ಹೋಗ್ಬೇಕು ಅಪ್ಪ.”

“ಇಸುಲ್, ನಾನು ಕುಡಿದಿದ್ದೀನಿ. ಸ್ಟೇರಿಂಗ್ ಹಿಡಿಯೋಕಾಗಲ್ಲ.”

“ಬೆಳಿಗ್ಗೆವರೆಗೆ ಏನೂ ಆಗಲ್ಲ,” ಅಂದರು ಅಜ್ಜಿ. “ಅವಳಮ್ಮನಿಗೆ ಹೇಳಿ ಹಬ್ಬದ ದಿನ ರಂಪ ಮಾಡಬೇಡಿ.”

ಅಪರಿಚಿತರಿಗೆ ಫೋನ್ ಮಾಡುವುದೆಂದರೆ ನನಗೆ ಆಗದು. ಕೋಳಿ ಅಂಗಡಿಗೆ ಆರ್ಡರ್ ಕೊಡಬೇಕಾದರೂ ಬೊರಮ್‌ಳ ಕೈಲೇ ಮಾತಾಡಿಸುತ್ತಿದ್ದೆ. ಆ ಸಂಜೆ ಹಿತ್ತಲಿಗೆ ಹೋಗಿ ಆಂಬುಲೆನ್ಸಿಗೆ ಫೋನ್ ಮಾಡಿದೆ. ಎರಡು ಸಲ ವಿಳಾಸ ತಪ್ಪಾಗಿ ಹೇಳಿದೆ. ಆಮೇಲೆ ಅಮ್ಮನಿಗೆ ಮಾಡಿದೆ. “ಬರ್ತೀನಿ. ತಿರುವಿನಲ್ಲಿ ನಿಲ್ಸೋಕೆ ಹೇಳು,” ಅಂದಳು. ಹೋಟೆಲಿನ ಸಮವಸ್ತ್ರದಲ್ಲೇ ಬೆಟ್ಟದ ತಿರುವಿನಲ್ಲಿ ಹತ್ತಿಕೊಂಡಳು.

ಬೊರಮ್ ಹದಿಮೂರು ದಿನ ಆಸ್ಪತ್ರೆಯಲ್ಲಿದ್ದಳು. ಎರಡನೇ ದಿನ ಜ್ವರ ಮೂವತ್ತೊಂಬತ್ತಕ್ಕೇರಿತು. ಸಾಧಾರಣ ಬಿಸಿಯೇ ಆದರೂ ಗಂಟೆಗಟ್ಟಲೆ ತಾಗಿದರೆ ಚರ್ಮ ಆಳದವರೆಗೆ ಬೇಯುತ್ತದಂತೆ. ಸ್ಪರ್ಶದ ಅರಿವಿರುವ ಮಗುವಾಗಿದ್ದರೆ ಕಾಲು ಎಳೆದುಕೊಂಡಿರುತ್ತಿತ್ತು ಎಂದರಂತೆ ಡಾಕ್ಟರು. ಸತ್ತ ಚರ್ಮ ಕೆರೆದು ತೆಗೆದರು. ಆ ತಿಂಗಳ ಔಷಧಿ ಮುಂದಕ್ಕೆ ಹೋಯಿತು. ಅಮ್ಮ ಹೋಟೆಲಿನ ಕೆಲಸ ಬಿಟ್ಟು ಅವಳ ಪಕ್ಕದಲ್ಲೇ ಉಳಿದಳು.

ಮನೆಯಲ್ಲಿ ಅಜ್ಜಿ, ಅಪ್ಪ, ನಾನು. ಹಬ್ಬದ ಮರುದಿನದಿಂದ ಅಜ್ಜಿ ತಮ್ಮ ಕೋಣೆಯ ಒಲೆ ಹೊತ್ತಿಸಲಿಲ್ಲ. ಸೌದೆ ತಂದಿಟ್ಟರೆ ಹಾಗೇ ಇರುತ್ತಿತ್ತು. ಅನ್ನಕ್ಕೆ ನೀರು ಸುರಿದುಕೊಂಡು ಎರಡು ತುತ್ತು ತಿಂದು ಏಳುತ್ತಿದ್ದರು.

“ಅಮ್ಮ, ಹೊರಗೆ ಸೊನ್ನೆಗಿಂತ ಹನ್ನೆರಡು ಕೆಳಗಿದೆ,” ಅಂದರು ಅಪ್ಪ ಮೂರನೇ ದಿನ. “ನೀವೂ ಮಲಗಿಬಿಟ್ರೆ ನಾನು ಯಾರನ್ನ ನೋಡ್ಲಿ?”

“ನನ್ನ ಯಾರೂ ನೋಡೋದು ಬೇಡ.”

“ಹಾಗಾದ್ರೆ ಇದು ಯಾರಿಗೆ ಶಿಕ್ಷೆ? ನನಗಾ?”

“ನಿನಗೂ ಸ್ವಲ್ಪ ಇರ್ಲಿ,” ಅಂದರು ಅಜ್ಜಿ. “ಹತ್ತು ನಿಮಿಷ ಅಂದೋನು ನೀನು. ಊರವರನ್ನೆಲ್ಲ ಬಸ್ಸಲ್ಲಿ ಹೊತ್ತು ತಿರುಗ್ತೀಯ, ನಿನ್ನ ಮಗಳು ಪರರ ಗಾಡೀಲಿ ಹೋದ್ಳು.”

ಅಪ್ಪ ಬಟ್ಟಲು ಬಿಟ್ಟು ಎದ್ದು ಹೋದರು. ನಾನು ಉಳಿದ ಸಾರನ್ನು ಪಾತ್ರೆಗೆ ಸುರಿದೆ. ಬೂಟಿನ ವಿಷಯ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ.

ಫೆಬ್ರವರಿ ಹದಿನೆಂಟಕ್ಕೆ ಬೊರಮ್ ಮನೆಗೆ ಬಂದಳು. ಸೊರಗಿದ್ದಳು, ಕಣ್ಣು ಮಾತ್ರ ಹಾಗೇ ಇದ್ದವು. ಹಿಮ್ಮಡಿಗೆ ದಪ್ಪ ಪಟ್ಟಿ. ಆ ಸಂಜೆಯೇ ಅಮ್ಮ ಊಟದ ಮುಂಚೆ ಎಲ್ಲರನ್ನೂ ಕೂರಿಸಿದಳು. ಅವಳು ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

“ನಮಸ್ಕಾರ ಆದ್ಮೇಲೆ ಬೂಟು ಯಾಕೆ ಹಾಕ್ಲಿಲ್ಲ? ಹಾಕು ಅಂತ ಇಸುಲ್‌ಗೆ ಹೇಳಿ ಹೋಗಿದ್ದೆ.”

ಅಜ್ಜಿ ನನ್ನನ್ನು ಒಮ್ಮೆ ನೋಡಿದರು.

“ಹಾಕೋಕೆ ಬಂದಿದ್ಳು,” ಅಂದರು. “ನಾನೇ ಬಿಡ್ಲಿಲ್ಲ. ಮಗು ಬೆಚ್ಚಗೆ ಕೂತಿದೆ, ಹೋಗು ಅಂದೆ.”

“ಗುಳ್ಳೆ ನೋಡಿದ ಮೇಲೆ?”

“ದೆಂಜಾಂಗ್ ಹಚ್ಚಿದೆ.”

“ಮಗುಗೆ ಹೇಳ್ಬೇಡ ಅಂದ್ರಿ.”

“ಅಂದೆ.”

ಅಮ್ಮ ತನ್ನ ಅಂಗೈಗಳನ್ನು ಮೇಜಿನ ಮೇಲಿಟ್ಟಳು. “ಅತ್ತೆ, ಮಾರ್ಚಿಂದ ನಾನು ಶಾಲೆ ಅಡುಗೆಮನೇಲಿರ್ತೀನಿ. ಬೊರಮ್ ಒಂದು ಗಂಟೆಗೆ ಮನೆಗೆ ಬರ್ತಾಳೆ. ನಾನು ಬರೋವರೆಗೆ ಮೂರೂವರೆ ಗಂಟೆ. ಇಸುಲ್ ನೋಡ್ಕೊತಾಳೆ. ಆದ್ರೆ ನೀವಿದ್ರೆ ಅವಳು ನಿಮ್ಮ ಮಾತು ಮೀರಲ್ಲ. ಅವಳ ಸ್ವಭಾವ ಹಾಗೆ. ಇನ್ನೊಂದು ವರ್ಷ ಔಷಧಿ ಇದೆ. ಅದು ಮುಗಿಯೋವರೆಗೆ ನೀವು ಉಲ್ಸಾನಿನಲ್ಲಿರಿ.”

“ಏನು ಮಾತು ಇದು!” ಅಂದರು ಅಪ್ಪ. “ಇದು ಅವರ ಮನೆ.”

“ಗೊತ್ತು. ಹಾಗಾದ್ರೆ ನಾನು ಬೊರಮ್‌ನ ಕರ್ಕೊಂಡು ಹೋಗ್ತೀನಿ. ಎರಡರಲ್ಲಿ ಒಂದು. ನೀವೇ ಹೇಳಿ.”

ಅಪ್ಪ ಕಿಸೆಯಲ್ಲಿ ಫೋನು ಹುಡುಕತೊಡಗಿದರು.

“ಹೋಗ್ತೀನಿ,” ಅಂದರು ಅಜ್ಜಿ. “ಮಗು ಯಾಕೆ ಹೋಗ್ಬೇಕು? ಶಾಲೆ ಇಲ್ಲಿದೆ.”

ಅಪ್ಪ ಚಿಕ್ಕಪ್ಪನಿಗೆ ಫೋನ್ ಮಾಡಿದರು. ಹಿಂದಿನಿಂದ ಚಿಕ್ಕಮ್ಮನ ದನಿ ನಮಗೂ ಕೇಳಿಸಿತು. “ಹದಿನೈದನೇ ಮಹಡಿ, ಇಡೀ ದಿನ ಒಬ್ಬರೇ ಏನು ಮಾಡ್ತಾರೆ?” ಕೊನೆಗೆ ಚಿಕ್ಕಪ್ಪ ಆಯಿತು ಅಂದರು. ಇಪ್ಪತ್ತೆಂಟರ ಬೆಳಗಿನ ಬಸ್ಸಿಗೆ ಟಿಕೆಟ್ ಆಯಿತು.

ಇಪ್ಪತ್ತೈದಕ್ಕೆ ಅಮ್ಮ, ಬೊರಮ್ ಮತ್ತೆ ವೊಂಜುವಿಗೆ ಹೋಗಿ ಬಂದರು. ಗಾಯ ಕೂಡುತ್ತಿದೆ, ರಕ್ತಕಣ ಏರಿದೆ, ಹಿಮ್ಮಡಿಗೆ ಮೆತ್ತೆ ಹಾಕಿದ ಹೊಸ ಬ್ರೇಸಿನಲ್ಲಿ ಶಾಲೆಗೆ ಹೋಗಬಹುದು, ದಿನಕ್ಕೆರಡು ಸಲ ಪಾದ ನೋಡಲೇಬೇಕು ಎಂದರಂತೆ. ಬೊರಮ್ ಇಡೀ ಮನೆಗೆ ಕೇಳುವಂತೆ ಅದನ್ನು ನಾಲ್ಕು ಸಲ ಹೇಳಿದಳು. ಅಜ್ಜಿಯ ಕೋಣೆಯ ಹೊಸ್ತಿಲಾಚೆ ನಿಂತು ಐದನೇ ಸಲ ಹೇಳಿದಳು. ಅಮ್ಮ ಅವಳನ್ನು ಆ ಹೊಸ್ತಿಲು ದಾಟದಂತೆ ಮಾಡಿದ್ದಳು.

“ಒಳಗೆ ಬರಲ್ವಾ?” ಅಂದರು ಅಜ್ಜಿ.

“ಅಮ್ಮ ಬೇಡ ಅಂದಿದಾಳೆ.”

“ಹಾಗಾದ್ರೆ ಬೇಡ. ಅಲ್ಲೇ ನಿಲ್ಲು, ಒಂದು ಸಲ ನಡೆದು ತೋರ್ಸು.”

ಬೊರಮ್ ನಡೆದು ತೋರಿಸಿದಳು. ಪಾದ ಈಗ ಚಪ್ ಅನ್ನುತ್ತಿರಲಿಲ್ಲ. ಅಜ್ಜಿ ತಣ್ಣನೆ ನೆಲದ ಮೇಲೆ ರಜಾಯಿ ಹೊದ್ದು ಕೂತು ನೋಡಿದರು. ಮೂಲೆಯಲ್ಲಿ ಅವರ ಬಟ್ಟೆಯ ಗಂಟು ಸಿದ್ಧವಾಗಿತ್ತು, ಪಕ್ಕದಲ್ಲಿ ಉಲ್ಸಾನಿಗೆಂದು ಕಟ್ಟಿದ ಒಣಸೊಪ್ಪು.

ಇಪ್ಪತ್ತೇಳರ ಸಂಜೆ ಅಮ್ಮ ಮೀನು ಹುರಿದಳು, ತೋಫು ಸಾರು ಮಾಡಿದಳು. ಅತ್ತೆ ಹೊರಡುವ ಮುಂಚಿನ ಊಟವೆಂದು ಅಕ್ಕಿಯ ಜೊತೆ ಅಲಸಂದೆ ಹಾಕಿದ್ದಳು. ಅಜ್ಜಿಗೆ ಅದು ಇಷ್ಟ. ಯಾರೂ ಹೆಚ್ಚು ಮಾತಾಡದೆ ತಿನ್ನುತ್ತಿದ್ದೆವು.

“ನಾಳೆ ಆರೂವರೆಗೆ ಹೊರಟ್ರೆ ಸಾಕು,” ಅಂದರು ಅಪ್ಪ. “ನಾನೇ ಸ್ಟ್ಯಾಂಡಿಗೆ ಬಿಡ್ತೀನಿ.”

“ಇಸುಲ್, ನಾಳೆಯಿಂದ ಎಲ್ಲ ನಿನ್ನ ಮೇಲೇ,” ಅಂದಳು ಅಮ್ಮ. “ನಿನ್ನ ನಂಬಿಯೇ ನಾನು ಕೆಲಸಕ್ಕೆ ಹೋಗ್ತಿರೋದು.”

ನಾನು ಚಮಚ ಕೆಳಗಿಟ್ಟೆ.

“ಅಮ್ಮ,” ಅಂದೆ. “ಅವತ್ತು ನಮಸ್ಕಾರ ಆದ ಕೂಡ್ಲೇ ನಾನು ಬೂಟು ಹಾಕೋಕೆ ಹೋಗಿರ್ಲಿಲ್ಲ.”

“ಏನು?”

“ಆಗ ಅಜ್ಜಿ ತಡೀಲಿಲ್ಲ. ಅಜ್ಜಿ ನನಗೋಸ್ಕರ ಹಾಗೆ ಹೇಳಿದ್ರು. ನಾನು ಬಾಗಿಲವರೆಗೆ ಹೋಗಿ ವಾಪಸ್ ಬಂದೆ.”

“ಮರೆತ್ಯಾ?”

“ಇಲ್ಲ. ನೆನಪಿತ್ತು.” ನನ್ನ ಕೈ ಮೇಜಿನ ಕೆಳಗಿತ್ತು. “ಚಿಕ್ಕಮ್ಮ ಒಳಗೆ ಕೂತಿದ್ರು. ಏನಾದ್ರೂ ಕೇಳ್ತಾರೆ ಅಂತ ಒಳಗೆ ಹೋಗೋಕಾಗ್ಲಿಲ್ಲ. ಅವರು ಹೋಗ್ಲಿ ಅಂತ ಕಾದೆ. ಬೊರಮ್ ಕಾಲು ಎಲ್ಲಿದೆ ಅಂತ ನೋಡಿದ್ದೆ. ನೋಡಿಯೇ ಬಂದೆ.”

ಅಮ್ಮ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ.

“ಸುಮ್ನಿರು ಹುಡುಗಿ,” ಅಂದರು ಅಜ್ಜಿ. “ನೀನು ಹಾಕಿದ್ರೂ ನಾನು ಬಿಚ್ಚಿರ್ತಿದ್ದೆ. ಮುಚ್ಚಿಟ್ಟಿದ್ದು ನಾನು. ಅದನ್ನ ನೀನು ಹೊತ್ಕೋಬೇಡ.”

“ಹೌದು. ಮುಚ್ಚಿಟ್ಟಿದ್ದು ನೀವೇ,” ಅಂದಳು ಅಮ್ಮ. “ಅದು ಹಾಗೇ ಇರತ್ತೆ. ಆದ್ರೆ ಇನ್ನು ನಾನು ಯಾರ ಕೈಲಿ ಬಿಟ್ಟು ಹೋಗ್ಲಿ? ಹೇಳಿ. ಒಬ್ಬರು ಬಿಚ್ಚಿಸ್ತಾರೆ, ಒಬ್ಬರು ಹತ್ತು ನಿಮಿಷ ಅಂತಾರೆ, ಒಬ್ಳು ನೋಡಿ ವಾಪಸ್ ಬರ್ತಾಳೆ. ನಾನೂ ನನ್ನ ಕೈಯಾರೆ ಬಿಚ್ಚಿಕೊಟ್ಟು ವ್ಯಾನ್ ಹತ್ತಿದೆ. ಈ ಮನೇಲಿ ಒಬ್ಬರಾದ್ರೂ ಇದಾರಾ?”

“ನಾನೇ ನೋಡ್ಕೊತೀನಿ,” ಅಂದಳು ಬೊರಮ್. “ಕನ್ನಡಿ ಇಟ್ಕೊಂಡ್ರೆ ಹಿಮ್ಮಡಿ ಕಾಣತ್ತೆ.”

ಅಪ್ಪ ಕಿಸೆಯಿಂದ ಟಿಕೆಟ್ಟು ತೆಗೆದು ಹೊತ್ತು ನೋಡುವವರಂತೆ ನೋಡಿ ಮತ್ತೆ ಮಡಚಿದರು. ಅಮ್ಮ ಬೊರಮ್‌ಳ ಮೀನನ್ನು ತನ್ನ ಕಡೆ ಎಳೆದುಕೊಂಡು ಮುಳ್ಳು ಬಿಡಿಸತೊಡಗಿದಳು.

ಅಜ್ಜಿ ತಮ್ಮ ಬಟ್ಟಲಿನ ಅನ್ನವನ್ನು ಒಂದು ಅಗುಳೂ ಬಿಡದೆ ತಿಂದು ಮುಗಿಸಿದರು. ಚಮಚವನ್ನು ನೇರವಾಗಿ ಪಕ್ಕಕ್ಕಿಟ್ಟರು.

“ಇಸುಲ್ ಅಮ್ಮ,” ಅಂದರು ಸೊಸೆಗೆ. “ಹೋಗಲ್ಲ ಅಂತ ಹೇಳ್ತಿಲ್ಲ. ಟಿಕೆಟ್ಟನ್ನ ಎರಡನೇ ತಾರೀಖಿಗೆ ಬದಲಾಯಿಸಿ ಕೊಡಿ. ಮಧ್ಯಾಹ್ನದ ಬಸ್ಸಾದ್ರೂ ಪರವಾಗಿಲ್ಲ. ಅವಳು ಶಾಲೆಗೆ ನಡೆದು ಹೋಗೋದನ್ನ ರಸ್ತೆ ಈಚೆ ನಿಂತು ನೋಡ್ಕೊಂಡು ಹೋಗ್ತೀನಿ.”

ಅಮ್ಮ ಮುಳ್ಳು ಬಿಡಿಸುತ್ತಲೇ ಇದ್ದಳು. ಅಪ್ಪ ಅಮ್ಮನನ್ನು ನೋಡಿದರು. ನಾನು ಬಟ್ಟಲು ನೋಡಿದೆ.

“ಎರಡೇ ದಿನ ಹೆಚ್ಚು,” ಅಂದರು ಅಜ್ಜಿ. “ಇರೋಕೆ ಬಿಡಿ.”